ಪರೀಕ್ಷಾ ಅಂಕಗಳಲ್ಲಿ ಗುಂಪುಗಳ ನಡುವಿನ ವ್ಯತ್ಯಾಸ: ಪದವಿ ಫಲಿತಾಂಶ ವಿಶ್ಲೇಷಿಸುವ ಸಮಗ್ರ ಮಾರ್ಗದರ್ಶಿ

ಸೆಮಿಸ್ಟರ್ ಫಲಿತಾಂಶ ಬಂದ ಮರುದಿನ ಪದವಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರೇ? ‘ಎ’ ಸೆಕ್ಷನ್‌ಗೂ ‘ಬಿ’ ಸೆಕ್ಷನ್‌ಗೂ ಇಷ್ಟು ಅಂತರ ಯಾಕೆ? ಹಿಂದಿನ ಕೊರತೆ ತುಂಬಲು ನಡೆಸುವ ಬ್ರಿಜ್ ಕೋರ್ಸ್‌ಗೆ ಕೂತವರಿಗೆ ಏನಾದರೂ ಪ್ರಯೋಜನವಾಯಿತೇ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಾದರೆ ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ (ಐಕ್ಯೂಎಸಿ) ಸಂಯೋಜಕರೂ ಇದನ್ನೇ ಕೇಳುತ್ತಾರೆ. ಉತ್ತರವಾಗಿ ಸಾಮಾನ್ಯವಾಗಿ ಸಿಗುವುದು ಎರಡು ಸರಾಸರಿ, ಒಂದು ಬಣ್ಣದ ಕಂಬಚಿತ್ರ, ‘ಪಿ ಮೌಲ್ಯ 0.05ಕ್ಕಿಂತ ಕಡಿಮೆ’ ಎಂಬ ಒಂದು ಸಾಲು (ಪಿ ಮೌಲ್ಯದ ಅರ್ಥ ಹಂತ 6ರಲ್ಲಿದೆ). ಮುಂದಿನ ಸೆಮಿಸ್ಟರ್‌ನಲ್ಲಿ ಏನು ಮಾಡಬೇಕು ಎನ್ನುವುದು ಇದರಿಂದ ಯಾರಿಗೂ ತಿಳಿಯುವುದಿಲ್ಲ.

ಸಾಫ್ಟ್‌ವೇರ್‌ನಲ್ಲಿ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ ಓಡಿಸಲು ಎರಡು ನಿಮಿಷ ಸಾಕು. ಉತ್ತರವನ್ನು ನಂಬಬಹುದೇ ಎನ್ನುವುದು ಅದಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ: ಗೈರುಹಾಜರಾದವರ ಮುಂದೆ ಏನು ಬರೆದಿರಿ, ಗ್ರೇಸ್ ಅಂಕ ಸೇರಿಸಿದಿರಾ, ಯಾವ ಅಂಕವನ್ನು ಹೋಲಿಸುತ್ತಿದ್ದೀರಿ, ಯಾರನ್ನು ಯಾವ ಗುಂಪಿಗೆ ಹಾಕಿದಿರಿ. ಆದ್ದರಿಂದ ಇಲ್ಲಿ ಆ ಭಾಗಕ್ಕೂ, ಕೊನೆಯಲ್ಲಿ ಬರುವ ‘ಯಾಕೆ’ ಎಂಬ ಪ್ರಶ್ನೆಗೂ ಹೆಚ್ಚು ಜಾಗ ಕೊಟ್ಟಿದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬಿಎಸ್ಸಿ ಮೊದಲ ಸೆಮಿಸ್ಟರ್ ಗಣಿತ, ಸೆಮಿಸ್ಟರ್ ಕೊನೆಯ ಪರೀಕ್ಷೆ 100 ಅಂಕಕ್ಕೆ, ಪಾಸಾಗಲು 35. ಪರೀಕ್ಷೆ ಬರೆದವರಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು 48 ಮಂದಿ, ಇಂಗ್ಲಿಷ್ ಮಾಧ್ಯಮದವರು 64 ಮಂದಿ. ಈ ಅಂಕಿಗಳು ಲೆಕ್ಕ ತೋರಿಸಲೆಂದೇ ಕಟ್ಟಿದವು, ಯಾವ ಕಾಲೇಜಿನ ದಾಖಲೆಯೂ ಅಲ್ಲ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಮಾಧ್ಯಮದ ಪರಿಣಾಮ’ ಎನ್ನುವುದು ಪ್ರಶ್ನೆಯಲ್ಲ. ‘ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರ ಮತ್ತು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಮೊದಲ ಸೆಮಿಸ್ಟರ್ ಗಣಿತದ ಬಾಹ್ಯ ಪರೀಕ್ಷೆಯ ಸರಾಸರಿ ಅಂಕಗಳ ನಡುವೆ ಎಷ್ಟು ಅಂತರವಿದೆ?’ ಎನ್ನುವುದು ಪ್ರಶ್ನೆ. ಇದರ ಪ್ರತಿ ಪದವೂ ಒಂದು ತೀರ್ಮಾನ.

‘ಹತ್ತನೇ ತರಗತಿವರೆಗೆ’ ಎಂದು ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಮುಗಿಸಿ ಬಂದವರು ಬಹಳ. ಅರ್ಜಿಯಲ್ಲಿ ಬರೀ ‘ಮಾಧ್ಯಮ’ ಎಂಬ ಕಾಲಂ ಇದ್ದರೆ ಅವರಲ್ಲಿ ಕೆಲವರು ಕನ್ನಡ ಎಂದೂ ಕೆಲವರು ಇಂಗ್ಲಿಷ್ ಎಂದೂ ತುಂಬಿರುತ್ತಾರೆ. ಗುಂಪುಗಳು ಹೀಗೆ ಕಲಸಿಹೋದರೆ ಇರುವ ಅಂತರವೂ ಚಿಕ್ಕದಾಗಿ ಕಾಣುತ್ತದೆ.

‘ಬಾಹ್ಯ ಪರೀಕ್ಷೆ’ ಎನ್ನುವುದೂ ಅಷ್ಟೇ ಮುಖ್ಯ. ಇಂಟರ್ನಲ್ ಅಂಕಗಳು ಬಹುತೇಕ ಮೇಲ್ತುದಿಯಲ್ಲೇ ಗುಂಪುಗೂಡಿರುತ್ತವೆ, 20ಕ್ಕೆ 17, 18, 19. ಅಲ್ಲಿ ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ವ್ಯತ್ಯಾಸವೇ ಕಡಿಮೆ. ಒಟ್ಟು ಅಂಕ ತೆಗೆದುಕೊಂಡರೆ ಬಾಹ್ಯ ಪರೀಕ್ಷೆಯಲ್ಲಿ ಕಾಣುವ ಚಿತ್ರದ ಮೇಲೆ ಇಂಟರ್ನಲ್ ಒಂದು ಪರದೆ ಎಳೆಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಎಷ್ಟು ಅಂಕದ ಅಂತರವಾದರೆ ನಿಮಗೆ ಮುಖ್ಯ ಎನ್ನುವುದನ್ನೂ ಈಗಲೇ ಬರೆದಿಡಿ. ಐದು ಅಂಕವಾದರೆ ಬ್ರಿಜ್ ಕೋರ್ಸ್ ನಡೆಸುತ್ತೀರಿ, ಎರಡಾದರೆ ಇಲ್ಲ ಎಂದುಕೊಳ್ಳಿ. ಉತ್ತರ ನೋಡಿದ ಮೇಲೆ ಈ ಗೆರೆ ಎಳೆಯಲು ಹೋದರೆ ಅದು ಉತ್ತರ ಬಂದ ಜಾಗದಲ್ಲೇ ಬಂದು ಕೂರುತ್ತದೆ.

ಒಂದೇ ದತ್ತಾಂಶದಲ್ಲಿ ಲಿಂಗ, ಹಾಸ್ಟೆಲ್, ಊರು, ಪ್ರವರ್ಗ, ಬಸ್ ಪ್ರಯಾಣ ಎಂದು ಸಿಕ್ಕಿದ್ದನ್ನೆಲ್ಲ ಹೋಲಿಸಿ, ‘ಬಂದದ್ದನ್ನು’ ಮಾತ್ರ ವರದಿಗೆ ಹಾಕುವುದು ತೀರಾ ಸಾಮಾನ್ಯ ತಪ್ಪು. ಎಲ್ಲೂ ನಿಜವಾದ ಅಂತರವೇ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ 20 ಹೋಲಿಕೆಗಳಲ್ಲಿ ಕನಿಷ್ಠ ಒಂದರ ಪಿ ಮೌಲ್ಯವಾದರೂ 0.05ರ ಗೆರೆಗಿಂತ ಕೆಳಗೆ ಬೀಳುವ ಸಾಧ್ಯತೆ ಶೇ 64. ಮುಖ್ಯ ಹೋಲಿಕೆ ಒಂದೋ ಎರಡೋ ಇರಲಿ. ಉಳಿದವನ್ನು ‘ಅನ್ವೇಷಣೆಗಾಗಿ ನೋಡಿದ್ದು’ ಎಂದು ಹೇಳಿಯೇ ಬರೆಯಿರಿ.

ಹಂತ 2: ಶೀಟ್ ಕಟ್ಟುವುದು, ಶುಚಿ ಮಾಡುವುದು

ಒಬ್ಬ ವಿದ್ಯಾರ್ಥಿಗೆ ಒಂದು ಸಾಲು. ರಿಜಿಸ್ಟರ್ ನಂಬರ್, ಸೆಕ್ಷನ್, ಹತ್ತನೇ ತರಗತಿಯ ಮಾಧ್ಯಮ, ಪಿಯುಸಿ ಮಾಧ್ಯಮ, ಪಿಯುಸಿ ಗಣಿತದ ಅಂಕ, ಇಂಟರ್ನಲ್, ಬಾಹ್ಯ ಅಂಕ, ಪರೀಕ್ಷೆಯ ಸ್ಥಿತಿ, ಪ್ರಯತ್ನದ ಸಂಖ್ಯೆ — ಒಂದೊಂದಕ್ಕೂ ಒಂದು ಕಾಲಂ. ಎರಡು ಗುಂಪುಗಳನ್ನು ಅಕ್ಕಪಕ್ಕದ ಎರಡು ಕಾಲಂಗಳಲ್ಲಿ ಬರೆಯುವ ಅಭ್ಯಾಸ ಬಿಡಿ. ಹಾಗೆ ಬರೆದರೆ ಮೂರನೇ ಮಾಹಿತಿ ಸೇರಿಸಲು ಜಾಗವೇ ಇರುವುದಿಲ್ಲ.

ವಿಶ್ವವಿದ್ಯಾಲಯದ ಫಲಿತಾಂಶ ಪಟ್ಟಿಯಿಂದ ನಕಲು ಮಾಡಿದ ಅಂಕಗಳಲ್ಲಿ ಕೆಲವು ಸಂಖ್ಯೆಗಳೇ ಆಗಿರುವುದಿಲ್ಲ. ‘35*’ ಎಂದು ನಕ್ಷತ್ರ ಹಾಕಿದ ಗ್ರೇಸ್ ಅಂಕ, ಮುಂದೊಂದು ಖಾಲಿ ಜಾಗ ಇರುವ ‘ 62’, ಗೈರು ಸೂಚಿಸುವ ‘ಎಬಿ’ ಎಂಬ ಅಕ್ಷರ. ಎಕ್ಸೆಲ್‌ನಲ್ಲಿ ಸಂಖ್ಯೆಗಳು ಬಲಕ್ಕೂ ಪಠ್ಯ ಎಡಕ್ಕೂ ನಿಲ್ಲುತ್ತವೆ. ಕಾಲಂ ಅಗಲಿಸಿ ಕಣ್ಣಾಡಿಸಿದರೆ ಎಡಕ್ಕೆ ಅಂಟಿಕೊಂಡವು ತಕ್ಷಣ ಸಿಗುತ್ತವೆ. ಸರಾಸರಿ ಸೂತ್ರ ಇವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಎಚ್ಚರಿಸುವುದಿಲ್ಲ. ಆದ್ದರಿಂದ ಎಷ್ಟು ಸಾಲುಗಳಿವೆ, ಎಷ್ಟು ಸಂಖ್ಯೆಗಳು ಎಣಿಕೆಗೆ ಬಂದವು ಎಂದು ತಾಳೆ ನೋಡಿ.

ಈಗ ಗೈರುಹಾಜರಿ. ಇದರಷ್ಟು ಹಾನಿ ಮಾಡುವ ತಪ್ಪು ಈ ಕೆಲಸದಲ್ಲಿ ಇನ್ನೊಂದಿಲ್ಲ. ನಮ್ಮ ಉದಾಹರಣೆಯಲ್ಲಿ ಪರೀಕ್ಷೆ ಬರೆದ 48 ಕನ್ನಡ ಮಾಧ್ಯಮದವರ ಸರಾಸರಿ 52.4, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎನ್ನುವ ಅಳತೆ) 14.6. ಪರೀಕ್ಷೆ ಬರೆದ 64 ಇಂಗ್ಲಿಷ್ ಮಾಧ್ಯಮದವರ ಸರಾಸರಿ 58.9, ಮಾನಕ ವಿಚಲನೆ 11.2. ಅಂತರ 6.5 ಅಂಕ. ಮೊದಲ ಗುಂಪಿನಲ್ಲಿ ಇನ್ನೂ 5 ಮಂದಿ, ಎರಡನೆಯದರಲ್ಲಿ 1 ವಿದ್ಯಾರ್ಥಿ ಗೈರಾಗಿದ್ದರು, ಗುಮಾಸ್ತರು ಅವರ ಮುಂದೆ ಸೊನ್ನೆ ಹಾಕಿದರು ಎಂದುಕೊಳ್ಳಿ. ಮೊದಲ ಗುಂಪಿನ ಸರಾಸರಿ 47.5ಕ್ಕೆ, ಎರಡನೆಯದು 58.0ಕ್ಕೆ ಇಳಿಯುತ್ತದೆ. ಅಂತರ 6.5ರಿಂದ 10.5ಕ್ಕೆ ಏರಿತು. ಕನ್ನಡ ಮಾಧ್ಯಮ ಗುಂಪಿನ ಮಾನಕ ವಿಚಲನೆಯೂ 14.6ರಿಂದ ಸುಮಾರು 20.8ಕ್ಕೆ ಹಾರಿತು. ಆರು ಸೊನ್ನೆಗಳು ಇಡೀ ಕಥೆಯನ್ನೇ ಬದಲಿಸಿದವು, ಗಣಿತ ಎಷ್ಟು ಬರುತ್ತದೆ ಎನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗೆಂದು ಗೈರಾದವರನ್ನು ಅಳಿಸಿ ಮರೆಯಬಾರದು. 53ರಲ್ಲಿ 5 ಮತ್ತು 65ರಲ್ಲಿ 1 ಎನ್ನುವುದು ತಾನೇ ಒಂದು ಫಲಿತಾಂಶ, ಬಹುಶಃ ಅಂಕದ ಅಂತರಕ್ಕಿಂತ ತುರ್ತಿನದು. ಅಂಕದ ಕೋಶ ಖಾಲಿ ಇರಲಿ, ಸ್ಥಿತಿಯ ಕಾಲಂನಲ್ಲಿ ‘ಗೈರು’ ಎಂದಿರಲಿ, ವರದಿಯಲ್ಲಿ ಗುಂಪುವಾರು ಗೈರುಹಾಜರಿಯ ಪ್ರತ್ಯೇಕ ಕೋಷ್ಟಕ ಬರಲಿ. ಬಹಳ ಹಿಂದುಳಿದವರೇ ಪರೀಕ್ಷೆಗೆ ಬರದಿದ್ದರೆ, ಬರೆದವರ ನಡುವಿನ ಅಂತರ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ ಎಂಬ ಮಾತನ್ನೂ ಅಲ್ಲೇ ಸೇರಿಸಿ.

ಉಳಿದ ನಿರ್ಧಾರಗಳು ಸುಲಭ. ಗ್ರೇಸ್ ಸೇರಿಸುವ ಮೊದಲಿನ ಅಂಕ ಸಿಕ್ಕರೆ ಅದನ್ನೇ ಬಳಸಿ. ರಿಪೀಟರ್‌ಗಳನ್ನು ಮೊದಲ ಬಾರಿ ಬರೆದವರ ಜೊತೆ ಬೆರೆಸಬೇಡಿ. ಮರುಮೌಲ್ಯಮಾಪನದ ಅಂಕ ತೆಗೆದುಕೊಳ್ಳುವುದಾದರೆ ಎಲ್ಲರಿಗೂ ಆ ಫಲಿತಾಂಶ ಬರುವವರೆಗೆ ಕಾಯಿರಿ, ಇಲ್ಲವೇ ಎಲ್ಲರಿಗೂ ಮೊದಲ ಅಂಕವನ್ನೇ ಇಟ್ಟುಕೊಳ್ಳಿ. ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಬಲ್ಲವರು ಎರಡು ಗುಂಪುಗಳಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ.

ಹಂತ 3: ಲೆಕ್ಕಕ್ಕೆ ಮೊದಲು ಚಿತ್ರ

ಪ್ರತಿ ಗುಂಪಿಗೂ ಒಂದೊಂದು ಹಿಸ್ಟೋಗ್ರಾಂ (ಯಾವ ಅಂಕಕ್ಕೆ ಎಷ್ಟು ಮಂದಿ ಎಂದು ತೋರಿಸುವ ಕಂಬಚಿತ್ರ) ಬರೆಯಿರಿ. ಒಂದರ ಕೆಳಗೊಂದು, ಒಂದೇ ಅಳತೆಯಲ್ಲಿ, ಐದೈದು ಅಂಕದ ಕಟ್ಟುಗಳಲ್ಲಿ. ನಮ್ಮ ಪರೀಕ್ಷೆಗಳಲ್ಲಿ ಬಹಳ ಸಲ ಕಾಣುವ ಒಂದು ಆಕಾರವಿದೆ: 30ರಿಂದ 34ರ ನಡುವೆ ಬಹುತೇಕ ಖಾಲಿ, ಸರಿಯಾಗಿ 35ರಲ್ಲಿ ಒಂದು ಎತ್ತರದ ಕಂಬ. ಗ್ರೇಸ್ ಅಂಕವೂ, ಒಂದೆರಡು ಅಂಕಕ್ಕಾಗಿ ಫೇಲ್ ಮಾಡಲು ಮನಸ್ಸು ಬಾರದ ಮೌಲ್ಯಮಾಪಕರೂ ಸೇರಿ ಈ ಕಂಬ ಎಬ್ಬಿಸುತ್ತಾರೆ. ಸರಾಸರಿಯ ಮೇಲೆ ಇದರ ಪ್ರಭಾವ ಚಿಕ್ಕದು. ಆದರೆ ಪಾಸ್–ಫೇಲ್ ಲೆಕ್ಕ ಪೂರ್ತಿಯಾಗಿ ಈ ಕಂಬದ ಮೇಲೇ ನಿಂತಿರುತ್ತದೆ.

ಎರಡು ಗುಡ್ಡಗಳಿರುವ ಚಿತ್ರ ಬಂದರೆ ಅಲ್ಲೇ ನಿಲ್ಲಿ. ಒಂದೇ ಗುಂಪು ಎಂದುಕೊಂಡದ್ದರಲ್ಲಿ ಎರಡು ಗುಂಪುಗಳಿವೆ ಎಂದರ್ಥ: ಪಿಯುಸಿಯಲ್ಲಿ ಗಣಿತ ಓದಿದವರು ಮತ್ತು ಓದದವರು ಎಂಬಂತೆ. ಅಂಥ ಗುಂಪಿನ ಸರಾಸರಿ ಯಾರೂ ಪಡೆಯದ ಅಂಕವಾಗಿರಬಹುದು. ಇಬ್ಬರು ಮೂವರ ಅಂಕ ಉಳಿದವರಿಂದ ದೂರ ಬಿದ್ದಿದ್ದರೆ ಮೊದಲು ಮೂಲ ಪಟ್ಟಿ ತೆರೆದು ಟೈಪಿಂಗ್ ತಪ್ಪೇ ಎಂದು ನೋಡಿ. ತಪ್ಪಲ್ಲದಿದ್ದರೆ ಅವರನ್ನು ತೆಗೆದುಹಾಕಬೇಡಿ. ಅವರೂ ನಿಮ್ಮ ವಿದ್ಯಾರ್ಥಿಗಳೇ.

ಹಂತ 4: ಯಾವ ಪರೀಕ್ಷೆ

ಎರಡು ಪ್ರತ್ಯೇಕ ಗುಂಪುಗಳ ಸರಾಸರಿ ಹೋಲಿಸಲು ವೆಲ್ಚ್‌ನ ಟಿ-ಪರೀಕ್ಷೆಯನ್ನೇ ರೂಢಿ ಮಾಡಿಕೊಳ್ಳಿ. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಕೆಲಸದಿಂದ ಬೆಳೆದ, ನಮ್ಮ ಪಠ್ಯಗಳಲ್ಲಿ ಮೊದಲು ಬರುವ ಎರಡು ಗುಂಪಿನ ಟಿ-ಪರೀಕ್ಷೆ ಎರಡೂ ಗುಂಪುಗಳ ಹರಡುವಿಕೆ ಒಂದೇ ಎಂದು ಭಾವಿಸುತ್ತದೆ. ಬರ್ನಾರ್ಡ್ ವೆಲ್ಚ್ 1947ರಲ್ಲಿ ಆ ಷರತ್ತನ್ನು ತೆಗೆದರು. ನಮ್ಮ ಉದಾಹರಣೆಯಲ್ಲಿ 14.6 ಮತ್ತು 11.2, ಗುಂಪುಗಳ ಗಾತ್ರವೂ ಬೇರೆ. ಚಿಕ್ಕ ಗುಂಪಿನಲ್ಲೇ ಹರಡುವಿಕೆ ಹೆಚ್ಚಿದ್ದಾಗ ಹಳೆಯ ವಿಧಾನ ಅಂತರವನ್ನು ಇರುವುದಕ್ಕಿಂತ ಖಚಿತವಾಗಿ ತೋರಿಸುತ್ತದೆ. ಹರಡುವಿಕೆ ಒಂದೇ ಆಗಿದ್ದಾಗಲೂ ವೆಲ್ಚ್ ವಿಧಾನದಿಂದ ನಷ್ಟ ಅತ್ಯಲ್ಪ. ಹೀಗಿರುವಾಗ ಮೊದಲು ಹರಡುವಿಕೆ ಒಂದೇ ಇದೆಯೇ ಎಂದು ನೋಡುವ ಲೆವೀನ್ ಪರೀಕ್ಷೆ ಮಾಡಿ, ಅದರ ಉತ್ತರ ನೋಡಿ ಎರಡರಲ್ಲೊಂದು ಆರಿಸುವ ಸುತ್ತುದಾರಿಗೆ ಕಾರಣವೇ ಉಳಿಯುವುದಿಲ್ಲ.

ಅಂಕಗಳು ಸಾಮಾನ್ಯ ಹಂಚಿಕೆಯಲ್ಲಿಲ್ಲ (ಗಂಟೆಯಾಕಾರದಲ್ಲಿಲ್ಲ) ಎಂದು ಶಪಿರೋ–ವಿಲ್ಕ್ ಪರೀಕ್ಷೆ ಹೇಳಿದ ತಕ್ಷಣ ಟಿ-ಪರೀಕ್ಷೆ ಕೈಬಿಡುವವರಿದ್ದಾರೆ. ಗುಂಪಿಗೆ 40–50 ಮಂದಿ ಇದ್ದು, ಅಂಕಗಳು 0 ಮತ್ತು 100ರ ನಡುವೆಯೇ ಇರುವಾಗ ಸರಾಸರಿಯ ನಡವಳಿಕೆ ಸಾಕಷ್ಟು ಚೆನ್ನಾಗಿರುತ್ತದೆ. ಗುಂಪು ತೀರಾ ಚಿಕ್ಕದಾಗಿದ್ದು ಹಂಚಿಕೆ ಬಹಳ ವಾಲಿದ್ದರೆ, ಅಥವಾ ಕೈಯಲ್ಲಿರುವುದು ಗ್ರೇಡ್ ಮಾತ್ರವಾದರೆ ಅಂಕಗಳ ಬದಲು ಅವುಗಳ ಶ್ರೇಣಿ ಕ್ರಮವನ್ನು ಹೋಲಿಸುವ ಮ್ಯಾನ್–ವಿಟ್ನಿ ಪರೀಕ್ಷೆ ಸರಿ. ಆದರೆ ‘ಅದು ಮಧ್ಯಾಂಕಗಳನ್ನು ಹೋಲಿಸುತ್ತದೆ’ ಎಂದು ಬರೆಯಬೇಡಿ. ಎರಡೂ ಹಂಚಿಕೆಗಳ ಆಕಾರ ಒಂದೇ ಇದ್ದಾಗ ಮಾತ್ರ ಆ ಮಾತು ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಕೇಳುವುದು ಇಷ್ಟೇ: ಒಂದು ಗುಂಪಿನಿಂದ ಆರಿಸಿದವರು ಇನ್ನೊಂದು ಗುಂಪಿನಿಂದ ಆರಿಸಿದವರಿಗಿಂತ ಹೆಚ್ಚು ಅಂಕ ಪಡೆದಿರುವ ಸಂಭವ ಅರ್ಧಕ್ಕಿಂತ ಬೇರೆಯೇ?

ಬ್ರಿಜ್ ಕೋರ್ಸ್‌ಗೆ ಮೊದಲು ಮತ್ತು ನಂತರ ಅದೇ ವಿದ್ಯಾರ್ಥಿಗಳು ಬರೆದಿದ್ದರೆ ಇದು ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಜೋಡಿ ಟಿ-ಪರೀಕ್ಷೆ: ಪ್ರತಿಯೊಬ್ಬರ ಅಂಕದ ಬದಲಾವಣೆಯನ್ನು ಲೆಕ್ಕಹಾಕಿ, ಆ ಬದಲಾವಣೆಗಳ ಸರಾಸರಿಯನ್ನು ನೋಡುವುದು.

ಹಂತ 5: ಲೆಕ್ಕ

ಒಮ್ಮೆ ಕೈಯಿಂದ ಮಾಡಿದರೆ ಸಾಫ್ಟ್‌ವೇರ್ ಏನು ಮಾಡುತ್ತದೆ ಎನ್ನುವುದು ಮನಸ್ಸಿನಲ್ಲಿ ಉಳಿಯುತ್ತದೆ. ಪ್ರತಿ ಗುಂಪಿನ ಮಾನಕ ವಿಚಲನೆಯ ವರ್ಗವನ್ನು ಆ ಗುಂಪಿನ ಸಂಖ್ಯೆಯಿಂದ ಭಾಗಿಸಿ. 14.6ರ ವರ್ಗ 213.16, ಅದನ್ನು 48ರಿಂದ ಭಾಗಿಸಿದರೆ 4.44. 11.2ರ ವರ್ಗ 125.44, ಅದನ್ನು 64ರಿಂದ ಭಾಗಿಸಿದರೆ 1.96. ಎರಡನ್ನೂ ಕೂಡಿಸಿದರೆ 6.40, ಅದರ ವರ್ಗಮೂಲ 2.53. ಇದು ಅಂತರದ ಮಾನಕ ದೋಷ, ಅಂದರೆ ಬೇರೆ ವಿದ್ಯಾರ್ಥಿಗಳಾಗಿದ್ದರೆ ಈ ಅಂತರ ಎಷ್ಟು ಅತ್ತಿತ್ತ ಆಗುತ್ತಿತ್ತು ಎನ್ನುವ ಅಂದಾಜು. 6.5ನ್ನು 2.53ರಿಂದ ಭಾಗಿಸಿದರೆ ಟಿ = 2.57.

ಟಿ ಕೋಷ್ಟಕದ ಯಾವ ಸಾಲು ನೋಡಬೇಕೆಂದು ಹೇಳುವ ಸ್ವಾತಂತ್ರ್ಯಾಂಕಕ್ಕೆ (ಡಿಗ್ರೀಸ್ ಆಫ್ ಫ್ರೀಡಂ) 6.40ರ ವರ್ಗವನ್ನು, 4.44ರ ವರ್ಗ ಭಾಗಿಸು 47 ಮತ್ತು 1.96ರ ವರ್ಗ ಭಾಗಿಸು 63 ಇವುಗಳ ಮೊತ್ತದಿಂದ ಭಾಗಿಸಬೇಕು. ಬರುವುದು ಸುಮಾರು 85. ಆ ಸ್ವಾತಂತ್ರ್ಯಾಂಕಕ್ಕೆ ಶೇ 95ರ ಟಿ ಬೆಲೆ 1.99. ಅದನ್ನು 2.53ರಿಂದ ಗುಣಿಸಿದರೆ 5.03. ಹಾಗಾಗಿ ಶೇ 95 ವಿಶ್ವಾಸ ವ್ಯಾಪ್ತಿ (ನಿಜವಾದ ಅಂತರ ಇರಬಹುದಾದ ವ್ಯಾಪ್ತಿಯ ಅಂದಾಜು) 6.5ರಿಂದ ಆಚೀಚೆ 5.0, ಅಂದರೆ 1.5 ಅಂಕದಿಂದ 11.5 ಅಂಕದವರೆಗೆ. ಪಿ ಮೌಲ್ಯ 0.012.

ಉಚಿತವಾಗಿ ಸಿಗುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ‘ಜಮೋವಿ’ಯಲ್ಲಿ ಸಿಎಸ್‌ವಿ ಕಡತ ತೆರೆದು, ಅಂಕದ ಕಾಲಂ ‘ಕಂಟಿನ್ಯುಯಸ್’, ಮಾಧ್ಯಮದ ಕಾಲಂ ‘ನಾಮಿನಲ್’ ಎಂದಿದೆಯೇ ನೋಡಿ. ‘ಟಿ-ಟೆಸ್ಟ್ಸ್’ ಅಡಿಯಲ್ಲಿ ‘ಇಂಡಿಪೆಂಡೆಂಟ್ ಸ್ಯಾಂಪಲ್ಸ್’ ಆರಿಸಿ. ‘ಸ್ಟೂಡೆಂಟ್ಸ್’ ಗುರುತು ತೆಗೆದು ‘ವೆಲ್ಚಸ್’ ಗುರುತು ಹಾಕಿ. ‘ಮೀನ್ ಡಿಫರೆನ್ಸ್’, ಅದರ ‘ಕಾನ್ಫಿಡೆನ್ಸ್ ಇಂಟರ್‌ವಲ್’, ‘ಎಫೆಕ್ಟ್ ಸೈಜ್’, ‘ಡಿಸ್ಕ್ರಿಪ್ಟಿವ್ಸ್’ ಇವಿಷ್ಟೂ ಬೇಕು. ಯಾವ ಗುಂಪಿನಿಂದ ಯಾವುದನ್ನು ಕಳೆದಿದೆ ಎನ್ನುವುದು ಗುಂಪುಗಳ ಅನುಕ್ರಮದ ಮೇಲೆ ನಿಂತಿದೆ. ಉತ್ತರ ಋಣವಾಗಿ ಬಂದರೆ ಗಾಬರಿ ಬೇಡ, ದಿಕ್ಕು ನೋಡಿಕೊಂಡು ಬರೆಯಿರಿ. ‘ಆರ್’ ಭಾಷೆಯ ಟಿ-ಪರೀಕ್ಷೆ ತಾನಾಗಿಯೇ ವೆಲ್ಚ್ ವಿಧಾನ ಬಳಸುತ್ತದೆ. ಎಕ್ಸೆಲ್‌ನ ‘ಡೇಟಾ ಅನಾಲಿಸಿಸ್’ನಲ್ಲಿ ‘ಅನ್‌ಈಕ್ವಲ್ ವೇರಿಯನ್ಸಸ್’ ಎಂಬುದನ್ನು ಆರಿಸಬೇಕು. ಅದು ವಿಶ್ವಾಸ ವ್ಯಾಪ್ತಿ ಕೊಡುವುದಿಲ್ಲ, ಮೇಲಿನಂತೆ ಕೈಯಿಂದಲೇ ಕಟ್ಟಿಕೊಳ್ಳಿ.

ಹಂತ 6: ಉತ್ತರವನ್ನು ಓದುವುದು

ಮೊದಲು ವಿಶ್ವಾಸ ವ್ಯಾಪ್ತಿ ನೋಡಿ. 1.5 ಎಂದರೆ ಯಾರೂ ತಲೆಕೆಡಿಸಿಕೊಳ್ಳದ ಅಂತರ, 11.5 ಎಂದರೆ ಒಂದು ದರ್ಜೆಯನ್ನೇ ಬದಲಿಸಬಲ್ಲದ್ದು. ಈ ದತ್ತಾಂಶ ಎರಡಕ್ಕೂ ಒಪ್ಪುತ್ತದೆ. ನೀವು ಮೊದಲೇ ಎಳೆದ ಐದು ಅಂಕದ ಗೆರೆ ಈ ವ್ಯಾಪ್ತಿಯ ಒಳಗಿದೆ. ಹಾಗಾಗಿ ‘ಅಂತರವಿದೆ, ಅದು ನಮಗೆ ಮುಖ್ಯವಾಗುವಷ್ಟು ದೊಡ್ಡದೇ ಎನ್ನುವುದು ಇನ್ನೂ ಖಚಿತವಿಲ್ಲ’ ಎನ್ನುವುದೇ ಸರಿಯಾದ ಮಾತು. 0.012 ಎಂಬ ಪಿ ಮೌಲ್ಯ ಒಂದನ್ನೇ ನೋಡಿದವರಿಗೆ ಈ ಎರಡನೇ ಭಾಗ ಕಾಣುವುದಿಲ್ಲ.

ಪಿ ಮೌಲ್ಯ 0.012 ಎಂದರೆ ‘ಅಂತರವಿಲ್ಲ ಎನ್ನುವ ಸಂಭವ ಶೇ 1.2’ ಎಂದಲ್ಲ. ನಿಜವಾಗಿ ಅಂತರವೇ ಇಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಕತಾಳೀಯವಾಗಿ ಕಾಣುವ ಸಂಭವ ಅಷ್ಟು ಎಂದು ಅರ್ಥ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ ಮೌಲ್ಯದ ದುರ್ಬಳಕೆಯ ಬಗ್ಗೆಯೇ ಹೇಳಿಕೆ ಹೊರಡಿಸಿತು. ಪರಿಣಾಮ ಎಷ್ಟು ದೊಡ್ಡದು, ಎಷ್ಟು ಮುಖ್ಯ ಎನ್ನುವುದನ್ನು ಪಿ ಮೌಲ್ಯ ಅಳೆಯುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ.

ಅಂತರದ ಗಾತ್ರಕ್ಕೆ ಕೊಹೆನ್ ಅವರ ‘ಡಿ’ ಬಳಕೆಯಲ್ಲಿದೆ. ಎರಡೂ ಗುಂಪುಗಳ ಕೂಡು ಮಾನಕ ವಿಚಲನೆ ಇಲ್ಲಿ 12.8. 6.5ನ್ನು ಅದರಿಂದ ಭಾಗಿಸಿದರೆ 0.51. 0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು ಎಂಬ ಪಟ್ಟಿಯನ್ನು ಯಾಂತ್ರಿಕವಾಗಿ ಅಂಟಿಸುವುದಕ್ಕಿಂತ, ಸಹೋದ್ಯೋಗಿಗಳಿಗೆ ಅರ್ಥವಾಗುವಂತೆ ಹೀಗೆ ಹೇಳಬಹುದು: ಎರಡೂ ಗುಂಪುಗಳಿಂದ ಒಬ್ಬೊಬ್ಬರನ್ನು ಚೀಟಿ ಎತ್ತಿ ಆರಿಸಿದರೆ, 100ರಲ್ಲಿ ಸುಮಾರು 64 ಸಲ ಇಂಗ್ಲಿಷ್ ಮಾಧ್ಯಮದವರ ಅಂಕ ಹೆಚ್ಚಿರುತ್ತದೆ, 36 ಸಲ ಕನ್ನಡ ಮಾಧ್ಯಮದವರದು. ಗುಂಪಿನ ಹೆಸರು ನೋಡಿ ಒಬ್ಬ ವಿದ್ಯಾರ್ಥಿಯನ್ನು ಅಳೆಯಬಾರದು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಬೇಕಿಲ್ಲ.

‘ಅಂತರ ಕಂಡುಬಂದಿಲ್ಲ’ ಎನ್ನುವುದು ‘ಇಬ್ಬರೂ ಸಮಾನ’ ಎಂದಾಗುವುದಿಲ್ಲ. ‘ಡಿ’ 0.5ರಷ್ಟು ಇರುವ ಅಂತರವನ್ನು ಶೇ 80ರ ಸಾಮರ್ಥ್ಯದಲ್ಲಿ, ಅಂದರೆ ನೂರು ಸಲ ನೋಡಿದರೆ 80 ಸಲ, ಹಿಡಿಯಲು ಗುಂಪಿಗೆ 64 ಮಂದಿ ಬೇಕು. 0.2ರಷ್ಟಾದರೆ ಗುಂಪಿಗೆ 394. ಗುಂಪಿಗೆ ಇಪ್ಪತ್ತು ಮಂದಿ ಇಟ್ಟುಕೊಂಡು ‘ಲಿಂಗಭೇದವಿಲ್ಲ’ ಎಂದು ಬರೆದ ಪ್ರಬಂಧಗಳು ನಿಜಕ್ಕೂ ಹೇಳುತ್ತಿರುವುದು ‘ನೋಡಲು ಸಾಕಷ್ಟು ಬೆಳಕಿರಲಿಲ್ಲ’ ಎಂದಷ್ಟೇ.

ಮೂರು ಅಥವಾ ಹೆಚ್ಚು ಗುಂಪುಗಳಿದ್ದರೆ

ಪಿಯುಸಿ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಂದ ಬಂದವರನ್ನು ಹೋಲಿಸಲು ಜೋಡಿ ಜೋಡಿಯಾಗಿ ಟಿ-ಪರೀಕ್ಷೆ ಮಾಡುತ್ತಾ ಹೋಗಬೇಡಿ. ಐದು ಗುಂಪುಗಳಾದರೆ ಹತ್ತು ಜೋಡಿ, ಸುಳ್ಳು ಎಚ್ಚರಿಕೆಯ ಸಂಭವ ಶೇ 5ರಿಂದ ಎಲ್ಲೋ ಮೇಲಕ್ಕೆ ಹೋಗಿರುತ್ತದೆ. ಹಲವು ಗುಂಪುಗಳ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ‘ಒನ್-ವೇ ಅನೋವಾ’ದಲ್ಲಿ ವೆಲ್ಚ್ ರೂಪವನ್ನೇ ಬಳಸಿ, ನಂತರ ಜೋಡಿಗಳಿಗೆ ಗೇಮ್ಸ್–ಹೋವೆಲ್ ಪರೀಕ್ಷೆ ಆರಿಸಿ. ಹರಡುವಿಕೆ ಒಂದೇ ಎನ್ನಲು ಕಾರಣವಿದ್ದರೆ ಟ್ಯೂಕಿ. ನಿಮಗೆ ಬೇಕಾದದ್ದು ಮೊದಲೇ ಗೊತ್ತಿದ್ದ ಎರಡೇ ಜೋಡಿಗಳಾದರೆ ಅವೆರಡನ್ನೇ ಮಾಡಿ ಹಲವು ಹೋಲಿಕೆಗಳಿಗಾಗಿ ಪಿ ಮೌಲ್ಯದ ಗೆರೆಯನ್ನು ಬಿಗಿ ಮಾಡುವ ಹೋಮ್ ತಿದ್ದುಪಡಿ ಹಾಕಿದರೆ ಸಾಕು.

ಒಂದೇ ಸಲ ಹಲವು ವಿಷಯಗಳ ಅಂಕಗಳನ್ನು ಹೋಲಿಸುವ ವಿಧಾನಗಳಿಗೆ, ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಕೊಡುಗೆ ದೊಡ್ಡದು. ಅಂಥ ಒಂದು ವಿಧಾನವಾದ ‘ಮನೋವಾ’ದ ಕೋಷ್ಟಕದಲ್ಲಿ ವಿಲ್ಕ್ಸ್ ಲ್ಯಾಂಬ್ಡಾ ಪಕ್ಕದಲ್ಲಿ ಬರುವ ‘ಎಫ್’ ಬೆಲೆಗೆ ಅವರ ಸೂತ್ರವೇ ಬಳಕೆಯಲ್ಲಿದೆ. ಆದರೂ ಕಾಲೇಜು ಮಟ್ಟದ ವರದಿಗೆ ವಿಷಯವಾರು ಅಂತರ ಮತ್ತು ವಿಶ್ವಾಸ ವ್ಯಾಪ್ತಿಯೇ ಓದುಗರಿಗೆ ಹೆಚ್ಚು ಉಪಯುಕ್ತ.

ಪಾಸ್–ಫೇಲ್ ಲೆಕ್ಕದ ಮಿತಿ

ಪ್ರಾಂಶುಪಾಲರು ಕೇಳುವುದು ತೇರ್ಗಡೆ ಪ್ರಮಾಣವನ್ನೇ, ಕೊಡಲೇಬೇಕು. ನಮ್ಮ ಉದಾಹರಣೆಯಲ್ಲಿ 48ರಲ್ಲಿ 42 (ಶೇ 87.5) ಮತ್ತು 64ರಲ್ಲಿ 62 (ಶೇ 96.9) ಪಾಸಾಗಿದ್ದಾರೆ ಎನ್ನೋಣ. ಫೇಲಾದವರು ಒಟ್ಟು ಎಂಟೇ ಮಂದಿ. ಕನ್ನಡ ಮಾಧ್ಯಮದ ಕೋಶದಲ್ಲಿ ನಿರೀಕ್ಷಿತ ಫೇಲ್ ಸಂಖ್ಯೆ 8 × 48 ÷ 112 = 3.4, ಐದಕ್ಕಿಂತ ಕಡಿಮೆ. ಆದ್ದರಿಂದ ಪ್ರಮಾಣಗಳನ್ನು ಹೋಲಿಸುವ ಕೈ-ವರ್ಗ ಪರೀಕ್ಷೆಯ ಬದಲು ಚಿಕ್ಕ ಸಂಖ್ಯೆಗಳಿಗೂ ಹೊಂದುವ ಫಿಶರ್‌ನ ನಿಖರ ಪರೀಕ್ಷೆ. ಪಿ ಮೌಲ್ಯ 0.07.

ಅವೇ ವಿದ್ಯಾರ್ಥಿಗಳು, ಅದೇ ಪರೀಕ್ಷೆ. ಅಂಕ ನೋಡಿದಾಗ ಸ್ಪಷ್ಟವಾಗಿ ಕಂಡ ಅಂತರ ಪಾಸ್–ಫೇಲ್ ಮಾಡಿದ ಕೂಡಲೇ ಮಸುಕಾಯಿತು. 36 ಪಡೆದವರನ್ನೂ 90 ಪಡೆದವರನ್ನೂ ಒಂದೇ ‘ಪಾಸ್’ ಚೀಲಕ್ಕೆ ಹಾಕಿದರೆ ಮಾಹಿತಿ ಸೋರಿಹೋಗುವುದು ಸಹಜ. ವಿಶ್ಲೇಷಣೆ ಅಂಕಗಳ ಮೇಲಿರಲಿ, ತೇರ್ಗಡೆ ಪ್ರಮಾಣ ಅದರ ಪಕ್ಕದಲ್ಲಿರಲಿ.

ಹಂತ 7: ‘ಯಾಕೆ’ ಎಂಬ ಕಷ್ಟದ ಪ್ರಶ್ನೆ

ಇಲ್ಲಿಯವರೆಗೆ ಅಳೆದದ್ದು ಅಂತರವನ್ನು, ಕಾರಣವನ್ನಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಹಳ್ಳಿಯ ಕಾಲೇಜುಗಳಿಂದ, ಕಡಿಮೆ ಪಿಯುಸಿ ಅಂಕದೊಂದಿಗೆ, ದಿನಕ್ಕೆರಡು ಬಸ್ ಬದಲಿಸಿ ಬರುತ್ತಿರಬಹುದು. 6.5 ಅಂಕದಲ್ಲಿ ಮಾಧ್ಯಮದ ಪಾಲೆಷ್ಟು, ಉಳಿದವುಗಳ ಪಾಲೆಷ್ಟು?

ಮೊದಲ ಎಚ್ಚರಿಕೆ ಬರ್ಕ್ಲಿಯಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಸ್ನಾತಕೋತ್ತರ ಪ್ರವೇಶಕ್ಕೆ 1973ರಲ್ಲಿ ಅರ್ಜಿ ಹಾಕಿದ 8,442 ಪುರುಷರಲ್ಲಿ ಶೇ 44 ಮಂದಿಗೂ 4,321 ಮಹಿಳೆಯರಲ್ಲಿ ಶೇ 35 ಮಂದಿಗೂ ಸೀಟು ಸಿಕ್ಕಿತ್ತು. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರ ಉಳಿಯಲಿಲ್ಲ, ಕೆಲವೆಡೆ ತಿರುಗಿಯೇ ಬಿತ್ತು. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಮಹಿಳೆಯರು ಹೆಚ್ಚು ಅರ್ಜಿ ಹಾಕಿದ್ದರು. 1975ರಲ್ಲಿ ಪ್ರಕಟವಾದ ಈ ವಿಶ್ಲೇಷಣೆ ಸಿಂಪ್ಸನ್ ವಿರೋಧಾಭಾಸಕ್ಕೆ ಇಂದಿಗೂ ಪಾಠದ ಉದಾಹರಣೆ.

ನಮ್ಮ ಅಂಕಗಳಲ್ಲೂ ಇದು ಹಾಗೆಯೇ ನಡೆಯುತ್ತದೆ. ಕಷ್ಟದ ಕಾಂಬಿನೇಷನ್‌ನಲ್ಲಿ ಹುಡುಗಿಯರ ಸರಾಸರಿ 55, ಹುಡುಗರದು 53. ಸುಲಭದ್ದರಲ್ಲಿ 68 ಮತ್ತು 66 ಎಂದುಕೊಳ್ಳಿ. ಎರಡರಲ್ಲೂ ಹುಡುಗಿಯರು ಎರಡು ಅಂಕ ಮುಂದೆ. ಆದರೆ ಹುಡುಗಿಯರಲ್ಲಿ ಶೇ 80, ಹುಡುಗರಲ್ಲಿ ಶೇ 30 ಮಂದಿ ಕಷ್ಟದ ಕಾಂಬಿನೇಷನ್‌ನಲ್ಲಿದ್ದರೆ ಒಟ್ಟು ಸರಾಸರಿ 57.6 ಮತ್ತು 62.1. ಹುಡುಗಿಯರು 4.5 ಅಂಕ ಹಿಂದೆ! ಬೇರೆ ಬೇರೆ ಪ್ರಶ್ನೆಪತ್ರಿಕೆ ಬರೆದವರ ಅಂಕಗಳನ್ನು ಒಂದೇ ಸರಾಸರಿಗೆ ಹಾಕಲೇಬಾರದು. ಎರಡು ವರ್ಷಗಳನ್ನು ಹೋಲಿಸುವಾಗಲೂ ಅಷ್ಟೇ: ಪ್ರತಿ ಪತ್ರಿಕೆಯೊಳಗೆ ಅಂತರವನ್ನು ಮೊದಲು ಅಳೆದು, ನಂತರ ಆ ಅಂತರಗಳನ್ನು ಹೋಲಿಸಿ.

ಒಂದೇ ಪತ್ರಿಕೆ ಬರೆದವರಲ್ಲಿ ಹಿಂದಿನ ತಯಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ರಿಗ್ರೆಶನ್ ಇದೆ. ಜಮೋವಿಯಲ್ಲಿ ‘ಲೀನಿಯರ್ ರಿಗ್ರೆಶನ್’ ತೆರೆದು, ಬಾಹ್ಯ ಅಂಕವನ್ನು ‘ಡಿಪೆಂಡೆಂಟ್ ವೇರಿಯಬಲ್’ಗೆ, ಪಿಯುಸಿ ಗಣಿತದ ಅಂಕವನ್ನು ‘ಕೋವೇರಿಯೇಟ್ಸ್’ಗೆ, ಮಾಧ್ಯಮವನ್ನು ‘ಫ್ಯಾಕ್ಟರ್ಸ್’ಗೆ ಹಾಕಿ, ವಿಶ್ವಾಸ ವ್ಯಾಪ್ತಿಗೆ ಗುರುತು ಹಾಕಿ. ಪಿಯುಸಿಯಲ್ಲಿ ಎರಡು ಗುಂಪುಗಳ ನಡುವೆ 7.3 ಅಂಕದ ಅಂತರವಿದ್ದು, ಪಿಯುಸಿಯ ಪ್ರತಿ ಒಂದು ಅಂಕಕ್ಕೆ ಪದವಿಯಲ್ಲಿ 0.6 ಅಂಕ ಏರುತ್ತದೆ ಎನ್ನೋಣ. 7.3 × 0.6 = 4.4. ಹೊಂದಿಸಿದ ಅಂತರ, ಅಂದರೆ ಪಿಯುಸಿ ಅಂಕ ಸಮಾನವಾಗಿರುವವರ ನಡುವಿನ ಅಂತರ, 6.5ರಿಂದ 2.1ಕ್ಕೆ ಇಳಿಯುತ್ತದೆ, ವಿಶ್ವಾಸ ವ್ಯಾಪ್ತಿ ಸುಮಾರು –1.9ರಿಂದ 6.1. ಇದಕ್ಕೆ ಮೊದಲು ಒಂದು ಚಿತ್ರ: ಪಿಯುಸಿ ಅಂಕ ಅಡ್ಡಕ್ಕೆ, ಪದವಿ ಅಂಕ ಉದ್ದಕ್ಕೆ, ಗುಂಪಿಗೊಂದು ಗೆರೆ. ಎರಡು ಗೆರೆಗಳು ಹೆಚ್ಚುಕಡಿಮೆ ಸಮಾನಾಂತರ ಇಲ್ಲದಿದ್ದರೆ ‘ಹೊಂದಿಸಿದ ಅಂತರ’ ಎಂಬ ಒಂದೇ ಸಂಖ್ಯೆಗೆ ಅರ್ಥವಿಲ್ಲ.

‘ಹಾಗಾದರೆ ಮಾಧ್ಯಮ ಕಾರಣವೇ ಅಲ್ಲ’ ಎಂದು ಹಾರಬೇಡಿ. ಪಿಯುಸಿ ಅಂಕ ಕಡಿಮೆಯಾದದ್ದೇ ಕನ್ನಡದಿಂದ ಇಂಗ್ಲಿಷಿಗೆ ಒಮ್ಮೆಲೇ ದಾಟಬೇಕಾಗಿ ಬಂದದ್ದರಿಂದ ಆಗಿರಬಹುದು. ಆಗ ಪಿಯುಸಿ ಅಂಕವನ್ನು ಹೊಂದಿಸುವುದೆಂದರೆ ಮಾಧ್ಯಮದ ಪರಿಣಾಮದ ಒಂದು ಭಾಗವನ್ನೇ ಕತ್ತರಿಸಿ ಹಾಕಿದಂತೆ. 6.5 ಮತ್ತು 2.1 ಎರಡೂ ಸರಿ, ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರ. ಮೊದಲನೆಯದು ‘ತರಗತಿಯಲ್ಲಿ ಈಗ ಕೂತಿರುವವರ ನಡುವೆ ಅಂತರವೆಷ್ಟು’. ಎರಡನೆಯದು ‘ಪಿಯುಸಿ ಮುಗಿಸುವಾಗ ಸಮಾನರಾಗಿದ್ದವರ ನಡುವೆ, ನಮ್ಮ ಕಾಲೇಜಿಗೆ ಬಂದ ಮೇಲೆ ಎಷ್ಟು ಅಂತರ ಬೆಳೆಯಿತು’. ಬ್ರಿಜ್ ಕೋರ್ಸ್ ಯಾರಿಗೆ ಬೇಕೆಂದು ನಿರ್ಧರಿಸಲು ಮೊದಲನೆಯದು ಬೇಕು. ನಮ್ಮ ಬೋಧನೆ ಒಂದು ಗುಂಪನ್ನು ಕೈಬಿಡುತ್ತಿದೆಯೇ ಎಂದು ತಿಳಿಯಲು ಎರಡನೆಯದು. ಫ್ರೆಡರಿಕ್ ಲಾರ್ಡ್ 1967ರಲ್ಲಿ ತೋರಿಸಿದ ವಿರೋಧಾಭಾಸವೂ ಇದೇ ಗಂಟು: ಅಂಕದ ಏರಿಕೆಯನ್ನು ಹೋಲಿಸಿದವರಿಗೂ ಹಿಂದಿನ ಅಂಕವನ್ನು ಹೊಂದಿಸಿದವರಿಗೂ ಒಂದೇ ದತ್ತಾಂಶದಿಂದ ಬೇರೆ ಉತ್ತರ ಸಿಗುತ್ತದೆ.

ಸೆಕ್ಷನ್‌ಗಳ ತೊಡಕು

ಒಂದೇ ಸೆಕ್ಷನ್‌ನಲ್ಲಿ ಕೂತವರು ಒಬ್ಬರೇ ಅಧ್ಯಾಪಕರಿಂದ, ಒಂದೇ ವೇಳಾಪಟ್ಟಿಯಲ್ಲಿ ಕಲಿಯುತ್ತಾರೆ. ಅವರ ಅಂಕಗಳು ಒಂದಕ್ಕೊಂದು ಪೂರ್ತಿ ಸ್ವತಂತ್ರವಲ್ಲ. 60 ಮಂದಿಯ ನಾಲ್ಕು ಸೆಕ್ಷನ್‌ಗಳಿದ್ದು, ಸೆಕ್ಷನ್‌ನೊಳಗಿನ ಹೋಲಿಕೆಯ ಗುಣಾಂಕ ಬರೀ 0.05 ಇದ್ದರೂ 1 + 59 × 0.05 = 3.95; ವಿದ್ಯಾರ್ಥಿಗಳ ಸಂಖ್ಯೆಯನ್ನು ಇದರಿಂದ ಭಾಗಿಸಬೇಕು. ಸೆಕ್ಷನ್‌ಗೆ ಸೆಕ್ಷನ್ನೇ ಒಂದೊಂದು ಬೋಧನಾ ವಿಧಾನಕ್ಕೆ ಒಳಪಟ್ಟಿದ್ದರೆ, 240 ವಿದ್ಯಾರ್ಥಿಗಳ ದತ್ತಾಂಶ ಸುಮಾರು 61 ಸ್ವತಂತ್ರ ವಿದ್ಯಾರ್ಥಿಗಳಷ್ಟೇ ತೂಕದ್ದು. ಹೊಸ ವಿಧಾನದಲ್ಲಿ ಒಂದು ಸೆಕ್ಷನ್, ಹಳೆಯದರಲ್ಲಿ ಒಂದು ಸೆಕ್ಷನ್ ಮಾತ್ರ ಇದ್ದರೆ ವಿಧಾನದ ಪರಿಣಾಮವನ್ನೂ ಅಧ್ಯಾಪಕರ ಪರಿಣಾಮವನ್ನೂ ಯಾವ ಸಾಫ್ಟ್‌ವೇರೂ ಬೇರ್ಪಡಿಸಲಾರದು. ಸಂಶೋಧನಾ ಪ್ರಬಂಧ ಕೈಗೆತ್ತಿಕೊಳ್ಳುವವರು ದತ್ತಾಂಶ ಸಂಗ್ರಹಕ್ಕೆ ಮೊದಲೇ ಇದನ್ನು ಯೋಚಿಸಬೇಕು, ನಂತರ ದಾರಿಯಿಲ್ಲ. ಹಲವು ಸೆಕ್ಷನ್‌ಗಳಿದ್ದಾಗ ಸೆಕ್ಷನ್ ಮತ್ತು ವಿದ್ಯಾರ್ಥಿ ಎರಡೂ ಹಂತಗಳನ್ನು ಲೆಕ್ಕಕ್ಕೆ ಹಿಡಿಯುವ ಬಹುಸ್ತರ ಮಾದರಿ ಬಳಸಿ. ಕನಿಷ್ಠ ಪಕ್ಷ ಪ್ರತಿ ಸೆಕ್ಷನ್‌ನೊಳಗೆ ಅಂತರ ಬೇರೆ ಬೇರೆಯಾಗಿ ತೋರಿಸಿ.

ಹಂತ 8: ಬರೆಯುವುದು

ವರದಿಯ ಮುಖ್ಯ ಪ್ಯಾರಾ ಹೀಗಿರಬಹುದು:

‘ಮೊದಲ ಪ್ರಯತ್ನದಲ್ಲಿ ಪರೀಕ್ಷೆ ಬರೆದ 112 ವಿದ್ಯಾರ್ಥಿಗಳಲ್ಲಿ, ಕನ್ನಡ ಮಾಧ್ಯಮದಿಂದ ಬಂದವರ (48) ಸರಾಸರಿ 52.4 (ಮಾನಕ ವಿಚಲನೆ 14.6), ಇಂಗ್ಲಿಷ್ ಮಾಧ್ಯಮದಿಂದ ಬಂದವರ (64) ಸರಾಸರಿ 58.9 (11.2). ಅಂತರ 6.5 ಅಂಕ, ಶೇ 95 ವಿಶ್ವಾಸ ವ್ಯಾಪ್ತಿ 1.5ರಿಂದ 11.5; ವೆಲ್ಚ್ ಟಿ = 2.57, ಸ್ವಾತಂತ್ರ್ಯಾಂಕ 85, ಪಿ = 0.012, ಡಿ = 0.51. ಪಿಯುಸಿ ಗಣಿತದ ಅಂಕ ಹೊಂದಿಸಿದಾಗ ಅಂತರ 2.1 (–1.9ರಿಂದ 6.1). ಗೈರಾದವರು ಕ್ರಮವಾಗಿ 5 ಮತ್ತು 1. ಅವರನ್ನು ಸರಾಸರಿಗೆ ಸೇರಿಸಿಲ್ಲ.’

ಪಿ = 0.000 ಎಂದು ಎಲ್ಲೂ ಬರೆಯಬೇಡಿ, ‘0.001ಕ್ಕಿಂತ ಕಡಿಮೆ’ ಎನ್ನಿ. ದಶಮಾಂಶದ ನಂತರ ಒಂದೋ ಎರಡೋ ಅಂಕಿ ಸಾಕು. ಸರಾಸರಿಗಳ ಕಂಬಚಿತ್ರದ ಬದಲು ಪ್ರತಿ ವಿದ್ಯಾರ್ಥಿಯೂ ಒಂದು ಚುಕ್ಕೆಯಾಗಿ ಕಾಣುವ ಚಿತ್ರ ಹಾಕಿ, ಎರಡು ಗುಂಪುಗಳು ಎಷ್ಟು ಒಂದರ ಮೇಲೊಂದು ಹಾಸಿಕೊಂಡಿವೆ ಎನ್ನುವುದು ಆಗ ಕಾಣುತ್ತದೆ. ಕಂಬಚಿತ್ರ ಹಾಕಲೇಬೇಕಾದರೆ ಅಕ್ಷ ಸೊನ್ನೆಯಿಂದ ಶುರುವಾಗಲಿ. 50ರಿಂದ ಶುರುಮಾಡಿದರೆ 6.5 ಅಂಕದ ಅಂತರಕ್ಕೇ ಒಂದು ಕಂಬ ಇನ್ನೊಂದರ ಸುಮಾರು ನಾಲ್ಕುಪಟ್ಟು ಎತ್ತರವಾಗಿ ಕಾಣುತ್ತದೆ.

ಐದಕ್ಕಿಂತ ಕಡಿಮೆ ಮಂದಿ ಇರುವ ಗುಂಪಿನ ಸರಾಸರಿಯನ್ನು ಹಂಚಬೇಡಿ. ‘ಬಿ’ ಸೆಕ್ಷನ್‌ನಲ್ಲಿ ಇಂಥ ತಾಲ್ಲೂಕಿನಿಂದ ಬಂದ ಇಬ್ಬರು ಯಾರೆಂದು ಇಡೀ ತರಗತಿಗೆ ಗೊತ್ತಿರುತ್ತದೆ. ರಿಜಿಸ್ಟರ್ ನಂಬರ್ ಇರುವ ಮೂಲ ಶೀಟ್ ಒಬ್ಬರ ಬಳಿ ಮಾತ್ರ ಇರಲಿ, ವಿಶ್ಲೇಷಣೆಗೆ ಬದಲಿ ಸಂಖ್ಯೆಗಳಿರುವ ಪ್ರತಿ ಸಾಕು. ಜಮೋವಿ ಕಡತ ಉಳಿಸಿದರೆ ದತ್ತಾಂಶ, ಆಯ್ಕೆಗಳು, ಉತ್ತರ ಮೂರೂ ಅದರಲ್ಲೇ ಇರುತ್ತವೆ. ಶುಚಿ ಮಾಡುವಾಗ ತೆಗೆದುಕೊಂಡ ನಿರ್ಧಾರಗಳನ್ನು ದಿನಾಂಕದೊಂದಿಗೆ ಒಂದು ಪುಟದಲ್ಲಿ ಬರೆದು ಅದರ ಜೊತೆಗಿಡಿ. ಮುಂದಿನ ವರ್ಷ ಈ ಕೆಲಸ ಬೇರೊಬ್ಬರ ಕೈಗೆ ಹೋದಾಗ, ಗೈರುಹಾಜರಿಯನ್ನೂ ಗ್ರೇಸ್ ಅಂಕವನ್ನೂ ಅವರು ಇದೇ ರೀತಿ ಎಣಿಸಿದರೆ ಮಾತ್ರ ಎರಡು ವರ್ಷಗಳ ಅಂತರವನ್ನು ಅಕ್ಕಪಕ್ಕ ಇಡಲು ಸಾಧ್ಯ.